ದುರ್ಯೋಧನನ ಬಾಯಿ ಬಿದ್ದುಹೋದ ಕಥೆ

ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾರ್ಟು ಮಾಡುವವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನ, ಭೀಮ ದುಬಾರಿ ಪಾರ್ಟುಗಳು. ದ್ವಾರಪಾಲಕ ಕೈಗೆಟಕುವ ದರದಲ್ಲಿ ಸಿಗುತ್ತಾನೆ. ಕಲ್ಯದ ನಮ್ಮ ದೊಡ್ಡಪ್ಪ ಎರಡು ಕುರಿ ಮಾರಿ ದುರ್ಯೋಧನ ಆದರು. ತಿಂಗಳುಗಟ್ಟಲೆ ರಾತ್ರಿ ಊಟ ಮುಗಿಸಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿತರು. ಹಾಲು ಕರೆಯುವಾಗಲೂ ಆಲಾಪ ಬಿಡಲಿಲ್ಲ. ಎಮ್ಮೆ ಅರ್ಧ ಲೀಟರ್ ಕಮ್ಮಿ ಮಾಡಿತು ಅಂತ ದೊಡ್ಡಮ್ಮ ಇವತ್ತಿಗೂ ಮೇಷ್ಟ್ರಿಗೆ ಶಾಪ ಹಾಕುತ್ತಾರೆ.

ನಾಟಕದ ರಾತ್ರಿ ಸ್ಟೇಜಿನ ಮುಂದೆ ಕೂತು ವಿಡಿಯೋ ಹಿಡಿದವನು ನಾನು. ಸ್ಮಾರ್ಟ್‌ಫೋನು ಇನ್ನೂ ನಮ್ಮ ಕಡೆ ಕಾಲಿಡದ ಕಾಲ. ನನ್ನದು ಗುಂಡಿ ಒತ್ತುವ ಫೋನು. ಮೆಮೊರಿ ಕಾರ್ಡು ತುಂಬಿಹೋದೀತೆಂದು ದೊಡ್ಡಪ್ಪ ಬರುವ ಸೀನುಗಳನ್ನು ಮಾತ್ರ ಹಿಡಿದೆ. ಬೆಂಗಳೂರಿನಲ್ಲಿ ನಾನು ಮಾಡುವುದು ಬಿಲ್ ಎಂಟ್ರಿ. ಆದರೆ ಕಂಪ್ಯೂಟರ್ ಮುಂದೆ ಕೂರುವವರೆಲ್ಲ ನಮ್ಮೂರ ಲೆಕ್ಕದಲ್ಲಿ ಇಂಜಿನಿಯರುಗಳು. ಆ ನಂಬಿಕೆಯನ್ನು ಒಡೆಯಲು ಮನಸ್ಸಾಗದೆ, "ಡಿವಿಡಿ ಮಾಡ್ಕೊಡ್ತೀನಿ ದೊಡ್ಡಪ್ಪ, ಟೀವೀಲೇ ನೋಡೀರಂತೆ" ಅಂದುಬಿಟ್ಟೆ.

ಪುಕ್ಕಟೆ ಸಿಕ್ಕಿದ ಒಂದು ಸಾಫ್ಟ್‌ವೇರಿನಲ್ಲಿ ಫೈಲುಗಳನ್ನು ಹಾಕಿದೆ. ಅದು ರಾತ್ರಿಯೆಲ್ಲ ಗರಗರ ಅಂದು ಬೆಳಿಗ್ಗೆ 'ಸಕ್ಸಸ್' ಎಂದು ತೋರಿಸಿತು. ನಾನು ಅದನ್ನು ನಂಬಿದೆ.

ಭಾನುವಾರ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಅರ್ಧ ಊರು ಸೇರಿತ್ತು. ಹಿಂದಿನ ಬೀದಿಯ ಭೀಮನೂ ಸಂಸಾರ ಸಮೇತ ಬಂದಿದ್ದ. ನಾಟಕದ ದಿನ ಆತನಿಗೆ ನೋಟಿನ ಹಾರ ಬಿದ್ದಿತ್ತು, ಒನ್ಸ್ ಮೋರ್ ಕೂಡ ಸಿಕ್ಕಿತ್ತು. ದೊಡ್ಡಪ್ಪನಿಗೆ ಅದಿನ್ನೂ ಜೀರ್ಣವಾಗಿರಲಿಲ್ಲ. ಟೀವಿಯಲ್ಲಿ ಪರದೆ ಎದ್ದಿತು. ಕಿರೀಟ ತೊಟ್ಟ ದೊಡ್ಡಪ್ಪ ಬಂದು, ಮೀಸೆ ತಿರುವಿ, ಎದೆಯುಬ್ಬಿಸಿ, ಬಾಯಿ ಅಗಲಿಸಿದರು. ಸದ್ದಿಲ್ಲ. ಮೇಷ್ಟ್ರ ಬೆರಳು ಹಾರ್ಮೋನಿಯಂ ಮೇಲೆ ಓಡುತ್ತಿದೆ, ತಬಲಾದವನು ತಲೆ ಕುಣಿಸುತ್ತಿದ್ದಾನೆ. ಸದ್ದಿಲ್ಲ.

"ಏನ್ಲಾ ಮಗ, ನನ್ ಬಾಯಿ ಆಡ್ತೈತೆ, ಸೊರ ಎಲ್ಲಿಗೋಯ್ತು?"

"ಬಾಯಿ ಬಿದ್ದೋಗದೆ ಕಣಣ್ಣ" ಅಂದ ಭೀಮ, ಅತೀವ ಸಂತೋಷದಿಂದ.

ದೊಡ್ಡಪ್ಪ ರಿಮೋಟ್ ಒತ್ತಿ ವಾಲ್ಯೂಮನ್ನು ಕೊನೆಮುಟ್ಟ ಏರಿಸಿದರು. ನಾನು ಟೀವಿಯ ಹಿಂದೆ ನುಗ್ಗಿದೆ. ಹಳದಿ ವೈರು ಚಿತ್ರಕ್ಕೆ, ಕೆಂಪು ಬಿಳಿ ವೈರುಗಳು ಸದ್ದಿಗೆ. ಎಲ್ಲವೂ ಅದರದರ ತೂತಿನಲ್ಲೇ ಇದ್ದವು. ಪ್ಲೇಯರ್ ಕೆಟ್ಟಿರಬೇಕೆಂದು ಅಲ್ಲಿದ್ದ ರಾಜ್‌ಕುಮಾರ್ ಪಿಕ್ಚರಿನ ಡಿವಿಡಿ ಹಾಕಿ ನೋಡಿದೆ. ಏರಿಸಿದ ವಾಲ್ಯೂಮು ಯಾರಿಗೂ ನೆನಪಿರಲಿಲ್ಲ. ಪಡಸಾಲೆಯಲ್ಲಿ ಕಾವಿಗೆ ಕೂತಿದ್ದ ಹೇಟೆ ಮೊಟ್ಟೆ ಬಿಟ್ಟು ಅಟ್ಟ ಹಾರಿತು. ಪ್ಲೇಯರ್ ನೆಟ್ಟಗಿತ್ತು.

ಬೆಂಗಳೂರಿನ ರೂಮಿಗೆ ಬಂದು ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಬಗೆದು ನೋಡಿದೆ. ಒಳಗೆ ಎರಡು ಫೋಲ್ಡರು: ವಿಡಿಯೋ_ಟಿಎಸ್, ಆಡಿಯೋ_ಟಿಎಸ್. ಆಡಿಯೋ ಫೋಲ್ಡರು ಖಾಲಿ! ಕಳ್ಳ ಸಿಕ್ಕಿಬಿದ್ದ ಅಂತ ಕುಣಿದಾಡಿದೆ. ಹಾಡುಗಳನ್ನೆಲ್ಲ ಎಂಪಿ3 ಮಾಡಿ ಆ ಫೋಲ್ಡರಿಗೆ ತುಂಬಿ ಹೊಸ ಡಿಸ್ಕ್ ಬರೆದೆ. ದುರ್ಯೋಧನನ ಮೌನ ಕದಲಲಿಲ್ಲ. ಆಮೇಲೆ ತಿಳಿಯಿತು, ಆ ಫೋಲ್ಡರು ಇರುವುದು ಡಿವಿಡಿ-ಆಡಿಯೋ ಎಂಬ ಬೇರೆಯೇ ಜಾತಿಯ ಡಿಸ್ಕಿಗೆ. ಸಿನಿಮಾ ಡಿವಿಡಿಯಲ್ಲಿ ಅದು ಹುಟ್ಟಾ ಖಾಲಿ. ಸದ್ದು ಚಿತ್ರದ ಜೊತೆಗೇ ವಿಒಬಿ ಫೈಲಿನೊಳಗೆ ಕೂತಿರುತ್ತದೆ. ನಾನು ಬಾಡಿಗೆಗೆ ಯಾರೂ ಇಲ್ಲದ ಮನೆಗೆ ಹೋಗಿ ಸಾಮಾನು ಇಳಿಸಿ ಬಂದಿದ್ದೆ.

ನಿಜವಾದ ರೋಗ ಇದ್ದದ್ದು ಫೋನಿನಲ್ಲಿ. ಆಗಿನ ಫೋನುಗಳು ವಿಡಿಯೋದ ಸದ್ದನ್ನು ಎಎಂಆರ್ ಎಂಬ ರೂಪದಲ್ಲಿ ಹಿಡಿಯುತ್ತಿದ್ದವು. ಅದು ಫೋನಿನ ಮಾತುಕತೆಗೆಂದೇ ಮಾಡಿದ್ದು. ಸದ್ದನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಡಿವಿಡಿಗೆ ಬೇಕಾದದ್ದು 48,000, ಅದೂ ಎಸಿ-3 ಅಥವಾ ಪಿಸಿಎಂನಂಥ ಬೇರೆ ರೂಪದಲ್ಲಿ. ನನ್ನ ಪುಕ್ಕಟೆ ಸಾಫ್ಟ್‌ವೇರಿಗೆ ಎಎಂಆರ್ ಬಿಡಿಸುವ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳದೆ, ಚಿತ್ರವನ್ನಷ್ಟೇ ದಾಟಿಸಿ 'ಸಕ್ಸಸ್' ಅಂದಿತ್ತು. ಅದಕ್ಕೂ ನನಗೂ ಸ್ವಭಾವದಲ್ಲಿ ಹೊಂದಾಣಿಕೆ ಇತ್ತು.

ಸದ್ದಿನ ತಕರಾರು ನಮ್ಮೂರಿಗೆ ಹೊಸದೇನಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ದೂರು ವಿಜಯನಗರದ ಬುಕ್ಕರಾಯನವರೆಗೆ ಹೋಗಿತ್ತು. ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಪಂಚಮಹಾವಾದ್ಯಗಳೂ ಕಳಶವೂ ಮೊದಲಿನಂತೆ ಸಲ್ಲಬೇಕು ಎಂದು ರಾಯ ತೀರ್ಪು ಕೊಟ್ಟ. ನಿಂತ ವಾದ್ಯ ಒಂದೇ ಅಪ್ಪಣೆಗೆ ನುಡಿಯಿತು. ಆ ಒಪ್ಪಂದದ ಶಾಸನ ಶ್ರವಣಬೆಳಗೊಳದಲ್ಲೂ ಇದೆ, ಕಲ್ಯದಲ್ಲೂ ಇದೆ. ಬ್ಯಾಕಪ್ ಇಡುವುದೆಂದರೆ ಹೀಗೆ. ಇನ್ನು ಪಕ್ಕದ ರಾಮನಗರದ ಬೆಟ್ಟದಲ್ಲಿ ತೆಗೆದ 'ಶೋಲೆ' 1975ರಲ್ಲೇ 70 ಎಂಎಂ ಪರದೆಯಲ್ಲಿ ಆರು ಟ್ರ್ಯಾಕಿನ ಸ್ಟೀರಿಯೋದಲ್ಲಿ ಗುಡುಗಿತ್ತು. ಅದೇ ಜಿಲ್ಲೆಯವನಾದ ನನಗೆ ಒಂದು ಟ್ರ್ಯಾಕಿಗೆ ಗತಿಯಿಲ್ಲ.

ಸದ್ದನ್ನು ಬೇರೆ ಮಾಡಿ, 48,000ಕ್ಕೆ ಏರಿಸಿ, ಮತ್ತೆ ಚಿತ್ರಕ್ಕೆ ಅಂಟಿಸಿದೆ. ಈ ಸಲ ದೊಡ್ಡಪ್ಪನ ಕಂಠ ಮೊಳಗಿತು, ಪಡಸಾಲೆ ಚಪ್ಪಾಳೆ ಹೊಡೆಯಿತು. ಐದು ನಿಮಿಷ ಕಳೆದ ಮೇಲೆ ಮಾತಿಗೂ ಬಾಯಿಗೂ ಬಿರುಕು ಬಿಟ್ಟಿತು. ಫೋನು ಬೆಳಕಿದ್ದಾಗ ಸೆಕೆಂಡಿಗೆ ಹದಿನೈದು ಚಿತ್ರ ಹಿಡಿದರೆ, ಕತ್ತಲಾದಾಗ ಸುಸ್ತಾಗಿ ಕಮ್ಮಿ ಹಿಡಿಯುತ್ತಿತ್ತಂತೆ. ಸಾಫ್ಟ್‌ವೇರು ಎಲ್ಲ ಕಡೆಯೂ ಹದಿನೈದೇ ಎಂದು ಲೆಕ್ಕ ಹಾಕಿ ಚಿತ್ರವನ್ನು ಮುಂದೆ ಓಡಿಸಿತ್ತು, ಸದ್ದು ಹಿಂದೆ ಉಳಿದಿತ್ತು. ಶಕುನಿಯ ಕುತಂತ್ರವೆಲ್ಲ ಭೀಷ್ಮನ ಬಾಯಿಂದ ಬಂತು. ಗದಾಯುದ್ಧದಲ್ಲಿ ಭೀಮ ತೊಡೆ ಮುರಿದ, ದೊಡ್ಡಪ್ಪ ದೊಪ್ಪನೆ ಬಿದ್ದು ಕಣ್ಣು ಮುಚ್ಚಿದರು. ಆ ಹೆಣದಿಂದ ಭೀಮನಿಗೆ ಸವಾಲು ಹಾಕುವ ಪದ್ಯ, ಪೂರ್ತಿ ಆಲಾಪದೊಂದಿಗೆ, ಎದ್ದು ಬಂತು.

"ನೋಡ್ರಲಾ, ಸತ್ಮೇಲೂ ಹಾಡ್ತಾವ್ನೆ!" ಅಂದರು ದೊಡ್ಡಪ್ಪ, ಹೆಮ್ಮೆಯಿಂದ.

ಕೊನೆಗೆ ಇದನ್ನು ಸರಿಮಾಡಿದವನು ಮಾಗಡಿಯಲ್ಲಿ ಡಿಗ್ರಿ ಓದುತ್ತಿದ್ದ ತಂಗಿ ಮಗ. ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಮಿನಲ್ಲಿ ಒಂದೇ ಸಾಲು ಬರೆದ. ಅದರಲ್ಲಿ 'ಟಾರ್ಗೆಟ್ ಪಾಲ್-ಡಿವಿಡಿ' ಎಂಬ ಮಂತ್ರವಿತ್ತು. ಚಿತ್ರ ಸೆಕೆಂಡಿಗೆ 25, ಸದ್ದು 48,000, ಎರಡೂ ಜೊತೆಜೊತೆಗೆ. "ಮಾವ, ನೀವು ಆಫೀಸಲ್ಲಿ ಏನ್ ಕೆಲ್ಸ ಮಾಡೋದು?" ಅಂತ ಕೇಳಿದ. ಕಾಫಿ ಕುಡಿಯೋಣ ಬಾ ಅಂತ ಕರೆದುಕೊಂಡು ಹೋದೆ. ಹಾಳಾದ ಡಿಸ್ಕುಗಳನ್ನು ದೊಡ್ಡಮ್ಮ ಹಕ್ಕಿ ಬೆದರಿಸಲು ಸೀಬೆಮರಕ್ಕೆ ಕಟ್ಟಿದರು.

ಹೊಸ ಡಿವಿಡಿ ಊರ ಮುಂದೆ ಓಡಿತು. 176-144ರ ಚಿತ್ರವನ್ನು 720-576ಕ್ಕೆ ಎಳೆದದ್ದಕ್ಕೆ ಕಿರೀಟ ಚೌಕ ಚೌಕವಾಗಿ ಒಡೆದಿತ್ತು. ಹಾರ್ಮೋನಿಯಂ ಮೂಗಿನಲ್ಲಿ ಹಾಡುತ್ತಿತ್ತು. ಆದರೂ ಮಾತು ಬಾಯಿಗೆ ಕೂತಿತ್ತು. ಭೀಮನ ಪದ್ಯ ಬಂದಾಗ ಪಡಸಾಲೆಯವರು ಇನ್ನೊಂದು ಸಲ ಒನ್ಸ್ ಮೋರ್ ಅಂದರು. ಭೀಮನ ಹೆಂಡತಿ ರಿಮೋಟ್ ಇಸಕೊಂಡು ಹಿಂದಕ್ಕೆ ಓಡಿಸಿದಳು.

ಜನ ಹೋದ ಮೇಲೆ ದೊಡ್ಡಪ್ಪ ನನ್ನನ್ನು ಕೊಟ್ಟಿಗೆಯ ಹತ್ತಿರ ಕರೆದರು.

"ಬೋ ಚೆನ್ನಾಗ್ ಬಂದೈತೆ ಕಣ್ಲಾ ಮಗ. ಭೀಮ ಹಾಡೋ ತಾವು ಮಾತ್ರ ಆ ಮೊದ್ಲಿನ ಥರ ಮಾಡ್ಕೊಡಕಾಯ್ತದಾ?"

ಮಾಡಿಕೊಟ್ಟೆ. ಅದು ನನಗೆ ಚೆನ್ನಾಗಿ ಬರುವ ಕೆಲಸ.