ಬಂಗಾಲಿ ಟೋಲಾದ ಗೂಳಿ: ಒಂದು ಪರಿಸರ-ವರ್ತನಾತ್ಮಕ ಮರುಓದು

ಸಾರಲೇಖ: ಬಹುಸ್ತರೀಯ ಪಾರಿಸರಿಕ ಒತ್ತಡಗಳಿಗೆ ನಗರವಾಸಿ ಚತುಷ್ಪಾದಿಗಳು ತೋರುವ ವರ್ತನಾತ್ಮಕ ಅನುಕೂಲನಶೀಲತೆಯನ್ನು ಕಾಶಿಯ ನೆಲೆಯಲ್ಲಿ ಸಮಸ್ಯೀಕರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಂದರೆ, ಗಲ್ಲಿಗೆ ಅಡ್ಡ ನಿಂತ ಗೂಳಿ ಯಾಕೆ ಜಗ್ಗುವುದಿಲ್ಲ ಅಂತ.

ಅಧ್ಯಯನ ಕ್ಷೇತ್ರ: ದಶಾಶ್ವಮೇಧದ ಕಡೆಯಿಂದ ಕೇದಾರಘಾಟಿನತ್ತ ಗಂಗೆಗೆ ಸಮಾನಾಂತರವಾಗಿ ಸಾಗುವ ಬಂಗಾಲಿ ಟೋಲಾ ಗಲ್ಲಿ. ಅಗಲ: ಒಂದು ಗೂಳಿ, ಜೊತೆಗೆ ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿದ ಒಬ್ಬ ದಾವಣಗೆರೆಯ ಯಾತ್ರಿಕ. ಹತ್ತಿರದಲ್ಲೇ ಜಂಗಮವಾಡಿ ಮಠ ಇರುವುದರಿಂದ ಗೂಳಿಗಳ ವರ್ಗೀಕರಣದ ಪರಿಭಾಷೆಗೆ ಪರದೇಶಕ್ಕೆ ಹೋಗಬೇಕಿಲ್ಲ.

(ಅ) ಸ್ಥಾವರ ಗೂಳಿ. ಮಿಠಾಯಿ ಅಂಗಡಿಯ ಎದುರು ಸಿಗುತ್ತದೆ. ಸ್ಕೂಟರಿನ ಹಾರನ್ನಿಗೆ ಒಂದು ಕಿವಿಯನ್ನಷ್ಟೇ ಆಡಿಸುತ್ತದೆ. ಅಪಾಯವಿಲ್ಲದ ಸದ್ದು ಪದೇಪದೇ ಕಿವಿಗೆ ಬಿದ್ದರೆ ಪ್ರಾಣಿ ಬೆದರುವುದನ್ನು ಬಿಡುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ‘ಅಭ್ಯಸ್ತತೆ’ ಎಂದು ಹೆಸರು.

(ಆ) ಜಂಗಮ ಗೂಳಿ. ತರಕಾರಿ ಗಾಡಿಯ ಹಿಂದೆ ಸಿಗುತ್ತದೆ.

(ಇ) ಆಯಿತು, ಬಿಡಿ. (ಅ) ಎದ್ದು ನಡೆದರೆ ಅದೇ (ಆ) ಆಗುವುದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ವಾನರ ವಿಚಾರ: ಇಲ್ಲಿನದು ನಮ್ಮ ಕಡೆಯ ಉದ್ದಬಾಲದ ಮಂಗವಲ್ಲ, ಕೆಂಪು ಮೋರೆಯ ರೀಸಸ್. ಕೋತಿಗಳ ಅನುಕೂಲನ ನೋಡಬೇಕಿದ್ದರೆ ಬಾಲಿಗೆ ಹೋಗಬೇಕು: ಅಲ್ಲಿನ ಉಲುವಾಟು ದೇವಸ್ಥಾನದ ಕೋತಿಗಳು ಪ್ರವಾಸಿಗಳ ಸಾಮಾನು ಕಸಿದು, ತಿನಿಸು ಕೊಟ್ಟರಷ್ಟೇ ಮರಳಿಸುತ್ತವೆ. ಬೆಲೆಬಾಳುವ ವಸ್ತುವಿಗೆ ಹೆಚ್ಚು ಚೌಕಾಸಿ ಮಾಡುತ್ತವೆ ಎಂದು 2021ರ ಅಧ್ಯಯನ ಹೇಳಿದೆ. ಟೋಲಾದಲ್ಲಿ ಅನುಕೂಲನ ಆಗಿರುವುದು ಮನುಷ್ಯರಿಗೆ: ಮಹಡಿಗೆ ಕಬ್ಬಿಣದ ಜಾಲರಿ ಹಾಕಿಸಿ ತಾವೇ ಒಳಗೆ ಕೂತಿದ್ದಾರೆ.

ಕೂರ್ಮ ವಿಚಾರ: ಸರ್ಕಾರಿ ಅನುಕೂಲನ. 1986ರಲ್ಲಿ ಶುರುವಾದ ಗಂಗಾ ಕ್ರಿಯಾ ಯೋಜನೆಯಡಿ, ಅರೆಬೆಂದ ಹೆಣ ತಿನ್ನಲೆಂದು ಆಮೆಗಳನ್ನು ಸಾಕಿ ನದಿಗೆ ಬಿಟ್ಟರು. 1989ರಲ್ಲಿ ರಾಮನಗರ ಕೋಟೆಯಿಂದ ಮಾಳವೀಯ ಸೇತುವೆಯವರೆಗಿನ 7 ಕಿಲೋಮೀಟರ್ ಅವುಗಳ ಅಭಯಾರಣ್ಯವಾಯಿತು. 2020ರಲ್ಲಿ ಅದು ರದ್ದೂ ಆಯಿತು. ಹುದ್ದೆ ಸೃಷ್ಟಿ, ಹುದ್ದೆ ರದ್ದತಿ, ಪಿಂಚಣಿಯ ಪ್ರಸ್ತಾಪವಿಲ್ಲ.

ಚರ್ಚೆ: ಒಂದು ವಿಚಾರಸಂಕಿರಣದಲ್ಲಿ ವಿದ್ವಾಂಸರೊಬ್ಬರು ಗೂಳಿ ಪ್ಲಾಸ್ಟಿಕ್ ಚೀಲ ತಿನ್ನುವ ಚಿತ್ರ ತೋರಿಸಿ, ಅದಕ್ಕೆ ‘ಆಹಾರ ಸಂಪನ್ಮೂಲಗಳ ವೈವಿಧ್ಯೀಕರಣ’ ಎಂದು ಹೆಸರಿಟ್ಟರು. ಸಭೆ ತಲೆದೂಗಿತು. ನನಗೆ ಮೈ ಉರಿಯಿತು.

ವೈವಿಧ್ಯೀಕರಣವಂತೆ! ಸ್ವಾಮಿ, ದನಕ್ಕೆ ಮೇಲ್ದವಡೆಯ ಮುಂದೆ ಬಾಚಿಹಲ್ಲೇ ಇಲ್ಲ. ಅದು ಮೇವನ್ನು ನಾಲಿಗೆಯಿಂದ ಸುತ್ತಿ ಎಳೆದುಕೊಳ್ಳುವ ಜೀವ. ಮನೆಯವರು ಉಳಿದ ಅನ್ನ, ತರಕಾರಿ ಸಿಪ್ಪೆ ತುಂಬಿ, ವಾಸನೆ ಬರಬಾರದೆಂದು ಬಾಯಿಗೆ ಗಂಟು ಬಿಗಿದು ಎಸೆದ ಚೀಲದಿಂದ ಅನ್ನವನ್ನಷ್ಟೇ ಅದು ಹೇಗೆ ತೆಗೆದೀತು? ಗಂಟಿನ ಸಮೇತ ನುಂಗುತ್ತದೆ. ಚೀಲ ಕರಗುವುದೂ ಇಲ್ಲ, ಮುಂದಕ್ಕೆ ಸಾಗುವುದೂ ಇಲ್ಲ. ಪಶುವೈದ್ಯರು ಹೊಟ್ಟೆ ಕೊಯ್ದು ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದದ್ದುಂಟು. ಹೊಟ್ಟೆ ತುಂಬಿದಂತೆ ಕಾಣುವ ಗೂಳಿ ಹಸಿವಿನಿಂದ ಸಾಯುತ್ತದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲೆಲ್ಲ ನಿಷೇಧವಿದೆ. ತೆಳು ಚೀಲಕ್ಕೆ ಅದಕ್ಕೂ ಮೊದಲೇ ನಿಷೇಧವಿತ್ತು. ಗೂಳಿಯ ಕಿವಿ ಹಾರನ್ನಿಗಾದರೂ ಅಲ್ಲಾಡುತ್ತದೆ.

ಅಷ್ಟಕ್ಕೂ ಗೂಳಿಯನ್ನು ಗಲ್ಲಿಗೆ ಬಿಟ್ಟವರು ಯಾರು? ಸತ್ತವರ ಸದ್ಗತಿಗೆಂದು ಗೂಳಿ ಬಿಡುವುದಕ್ಕೆ ವೃಷೋತ್ಸರ್ಗ ಎಂಬ ಶಾಸ್ತ್ರವಿದೆ. ನಮ್ಮಲ್ಲೂ ದೇವರ ಹೆಸರಿನಲ್ಲಿ ಬಸವ ಬಿಡುತ್ತಾರೆ. ಅದು ಯಾರ ಹೊಲಕ್ಕೆ ನುಗ್ಗಿದರೂ ಜನ ಸುಮ್ಮನಿರುತ್ತಿದ್ದರು, ಯಾಕೆಂದರೆ ಹೊಲವಿತ್ತು. ಇಲ್ಲಿ ಕಲ್ಲುಹಾಸು, ಗೋಡೆ, ಚರಂಡಿ. ಬಿಟ್ಟವರಿಗೆ ಪುಣ್ಯ ಬಂತು, ವಿದ್ವಾಂಸರಿಗೆ ಪ್ರಬಂಧ ಬಂತು.