ರೊಟ್ಟಿ ಬಿಟ್ಟು ಉಳಿದದ್ದಕ್ಕೆಲ್ಲ ಯೋಜನೆ

‘ಅವ್ವಾರೆ, ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ 2020ರಿಂದ ಇದೆ. ಶೇ 35 ಸಹಾಯಧನ. ಯಂತ್ರ ತೊಗೊಳ್ಳಿ.’

‘ಯಂತ್ರ ಇರ್ಲಿ ಸಾಹೇಬ್ರ, ನೀವು ರೊಟ್ಟಿ ತೊಗೊಳ್ರಿ.’

‘ರೊಟ್ಟಿಗೆ ಬ್ರಾಂಡ್ ಮಾಡ್ಲಿಕ್ಕೆ ನೆರವುಂಟು. ಕೊಳ್ಳೋದು ನಮ್ಮ ಇಲಾಖೆಯದಲ್ಲ.’

‘ನಮ್ಮ ಮಾವ ಕಂಬಳಿ ನೇಯ್ತಾರ್ರಿ.’

‘ವಿಶ್ವಕರ್ಮ ಯೋಜನೆಯ 18 ಕಸುಬಿನಲ್ಲಿ ಕಂಬಳಿ ನೇಯ್ಗೆ ಇಲ್ಲ. ದೋಣಿ ಕಟ್ತಾರೇನು?’

‘ನಮ್ಮೂರು ಸಾಲಗುಂದಾದಾಗ ದೋಣೀರಿ?’

‘ಕಾಲುವೆ ಇದೆಯಲ್ಲ!’

ಅಧಿಕಾರಿ ಮತ್ತು ರೊಟ್ಟಿ ಬಡಿಯುವ ಅವ್ವನ ಈ ಸಂಭಾಷಣೆ ಕಲ್ಪಿತ, ನಿಯಮಗಳು ಕಲ್ಪಿತವಲ್ಲ. ಸಹಾಯಧನಕ್ಕೆ ಮೊದಲು ಬ್ಯಾಂಕ್ ಸಾಲ ಬೇಕು. ರೊಟ್ಟಿ ಮಾರಲಿ, ಬಿಡಲಿ, ಕಂತು ತಪ್ಪುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಸಾಲಗುಂದಾ ಇರುವ ಸಿಂಧನೂರು ತಾಲ್ಲೂಕಿನ ಎರೆಹೊಲಕ್ಕೆ ಭತ್ತ ತಂದ ಮೇಲೆ ಹಲವರಿಗೆ ರೊಟ್ಟಿಯ ಜೋಳವೂ ಕೊಂಡು ತರುವ ಸರಕು. ಖರ್ಚೂ ಕಂತೂ ಖಚಿತ, ಮಾರಾಟ ಮಾತ್ರ ಅನಿಶ್ಚಿತ. ಹೀಗಿರುವಾಗ ಕೊರತೆ ತಯಾರಿಕೆಯದಲ್ಲ, ಖಾತರಿಯ ಗಿರಾಕಿಯದು. ಆ ಗಿರಾಕಿ ಸರ್ಕಾರವೇ ಆಗಲಿ ಎಂದರೆ, ಸರ್ಕಾರ ರೊಟ್ಟಿ ವ್ಯಾಪಾರಕ್ಕಿಳಿಯಬೇಕೇ ಎಂದು ಕೇಳುವವರಿದ್ದಾರೆ. ಹಾಸ್ಟೆಲಿಗೆ ಅಕ್ಕಿ, ಶಾಲೆಗೆ ಮೊಟ್ಟೆ ಕೊಳ್ಳುವಾಗ ಈ ಸಂಕೋಚ ಎಲ್ಲಿರುತ್ತದೋ! ಕೇಂದ್ರದ ಇಲಾಖೆಗಳು ತಮ್ಮ ಖರೀದಿಯ ಶೇ 25ನ್ನು ಕಿರು, ಸಣ್ಣ ಉದ್ದಿಮೆಗಳಿಂದ ಮಾಡಬೇಕೆಂಬ ನೀತಿಯೇ ಇದೆ. ಆ 25ರೊಳಗೇ ಒಟ್ಟು ಖರೀದಿಯ ಶೇ 3 ಮಹಿಳೆಯರ ಉದ್ದಿಮೆಗಳದು. ಶುಚಿತ್ವದ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೆ ತರಬೇತಿ, ನೋಂದಣಿ ಬೇಕೇ ಬೇಕು. ಕೈರೊಟ್ಟಿ ತುಟ್ಟಿ ಎನ್ನುವವರು, ಖಡಕ್ ರೊಟ್ಟಿ ಫ್ರಿಜ್ ಇಲ್ಲದೆ ವಾರಗಟ್ಟಲೆ ಕೆಡದೆ ಇರುವುದನ್ನೂ ಲೆಕ್ಕಕ್ಕೆ ಹಿಡಿಯಲಿ. ಅದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲೇ ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿಂದ, ತಾಲ್ಲೂಕಿನ ಹಾಸ್ಟೆಲುಗಳಿಂದ ವರ್ಷವಿಡೀ ನಿಶ್ಚಿತ ಬೇಡಿಕೆ ಬರಲಿ, ಹಣ ಹದಿನೈದು ದಿನದೊಳಗೆ ಸಿಗಲಿ. ಯಂತ್ರ ಬೇಕೋ ಬೇಡವೋ ಎಂದು ಆಮೇಲೆ ರೊಟ್ಟಿ ಬಡಿಯುವವರೇ ಹೇಳುತ್ತಾರೆ.