ಬಡಕಲು ದೋಸೆ

ಪಕ್ಕದ ಫ್ಲ್ಯಾಟಿನ ಹುಡುಗ ಏಳನೇ ಕ್ಲಾಸು. ಅಜ್ಜಿ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಾನೆ. ಅವನ ಅಜ್ಜಿ ಹುಯ್ಯುವ ದೋಸೆ ‘ಇಮೇಸಿಯೇಟೆಡ್’ ಅಂತೆ. ಬಾಯಿಪಾಠದ ಪಟ್ಟಿಯಲ್ಲಿ ಆ ಪದದ ಮುಂದೆ ‘ಥಿನ್’ ಎಂದಿತ್ತು. ಅಜ್ಜಿಯ ದೋಸೆಯೂ ತೆಳ್ಳಗೆ. ಲೆಕ್ಕ ಸರಿಹೋಯಿತಲ್ಲ! ಹೊಟ್ಟೆಗಿಲ್ಲದೆ ಸೊರಗಿ, ಎಲುಬು ಎಣಿಸುವಂತಾದ ದೋಸೆ. ಟೀಚರು ಅದರ ಕೆಳಗೆ ಗೆರೆ ಎಳೆದು ‘ಗುಡ್ ವೊಕ್ಯಾಬುಲರಿ’ ಎಂದು ಬರೆದಿದ್ದಾರೆ. ಬಹುಶಃ ಅವರದೂ ಅದೇ ಪಟ್ಟಿ.

ಅಪ್ಪನಿಗೆ ಹೆಮ್ಮೆ. ನೋಟ್‌ಬುಕ್ ಹಿಡಿದು ನಮ್ಮನೆಗೇ ಬಂದರು. “ದಿನಕ್ಕೆ ಹತ್ತು ಪದ ಸಾರ್. ವರ್ಷಕ್ಕೆ 3,650. ಭಾನುವಾರಾನೂ ಬಿಡಿಸಲ್ಲ.” ಪದವೋ, ಪಿಗ್ಮಿ ಕಟ್ಟುವ ದುಡ್ಡೋ?

ಅವರ ಮನೆ ನೋಡಿದ್ದೇನೆ. ಶೋಕೇಸಿನಲ್ಲಿ ನಾಲ್ಕು ಗಣಪತಿ, ಸಿಂಗಪುರದಿಂದ ತಂದ ಒಂದು ಸಿಂಹ, ಬ್ಯಾಟರಿ ಸತ್ತ ಮೂರು ರಿಮೋಟು. ಕಥೆಪುಸ್ತಕ ಏನಾದರೂ ಓದುತ್ತಾನಾ ಎಂದು ಕೇಳಿದೆ.

“ಪುಸ್ತಕ ಓದೋಕೆ ಟೈಮ್ ಎಲ್ಲಿದೆ ಸಾರ್? ವೊಕ್ಯಾಬುಲರಿ ಕ್ಲಾಸ್ ಇರತ್ತಲ್ಲ!”

ಈ ಉತ್ತರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕು.

ಇದೇ ಅಪ್ಪ ಕನ್ನಡದಲ್ಲಿ ಇಂಥ ತಪ್ಪು ಮಾಡುವುದಿಲ್ಲ. ಆಳು ಬಡಕಲು, ದೋಸೆ ತೆಳು, ನಗೆ ಪೇಲವ, ದನ ಸೊರಗುತ್ತದೆ, ಸಾರು ನೀರಾಗುತ್ತದೆ. ‘ಬಡಕಲು ದೋಸೆ’ ಎಂದರೆ ಅವರೇ ಬಿದ್ದುಬಿದ್ದು ನಗುತ್ತಾರೆ. ಈ ವ್ಯತ್ಯಾಸ ಅವರಿಗೆ ಯಾವ ಕ್ಲಾಸಿನಲ್ಲಿ ಹೇಳಿಕೊಟ್ಟರು? ಯಾವ ಪಟ್ಟಿ ಉರು ಹೊಡೆದರು? ಪದ ಯಾರ ಜೊತೆ ಓಡಾಡುತ್ತದೆ ಎನ್ನುವುದನ್ನು ಸಾವಿರ ಸಲ ಕೇಳಿ ಕೇಳಿ ಕಿವಿ ಕಲಿತಿತ್ತು. ಇಂಗ್ಲಿಷನ್ನು ಅಜ್ಜಿಯ ಬಾಯಲ್ಲಿ ಕೇಳುವ ಭಾಗ್ಯ ನಮಗಿಲ್ಲ. ನಮಗೆ ಆ ಸಾವಿರ ಸಲ ಸಿಗುವುದು ಪುಸ್ತಕದಲ್ಲಿ. ಅದನ್ನೇ ಬಿಟ್ಟು ಮಿಕ್ಕದ್ದಕ್ಕೆಲ್ಲ ಫೀಸು ಕಟ್ಟುತ್ತೇವೆ.

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ನಾರ್ಮನ್ ಲೂಯಿಸ್ ಸದಾ ಸಿಗುತ್ತಾರೆ. ‘ವರ್ಡ್ ಪವರ್ ಮೇಡ್ ಈಸಿ’, 1949ರ ಪುಸ್ತಕ. ಒಂದು ಪ್ರತಿ ಎತ್ತಿ ನೋಡಿ. ಮೊದಲ ಮೂವತ್ತು ಪುಟ ಎಣ್ಣೆ, ಬೆವರು, ಪೆನ್ಸಿಲ್ ಗುರುತು. ಆಮೇಲಿನದೆಲ್ಲ ನವವಧುವಿನ ಹಾಗೆ ಗರಿಗರಿ. ಮೊದಲ ಪದಗಳ ಗುಂಪಿನಲ್ಲೇ ‘ಆಂಬಿವರ್ಟ್’ ಇದೆ. ಹಾಗಾಗಿ ವಧು-ವರರ ವೆಬ್‌ಸೈಟುಗಳ ತುಂಬ ಈಗ ಬರೀ ಆಂಬಿವರ್ಟುಗಳು. ಕೊನೇ ಅಧ್ಯಾಯದ ಪದ ಬಲ್ಲ ವರ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.

ತಮಾಷೆ ಏನು ಗೊತ್ತೇ? ಪದಸಂಪತ್ತು ಬೆಳೆಯುತ್ತಲೇ ಇರಬೇಕಾದರೆ ಪುಸ್ತಕ, ಪತ್ರಿಕೆ ಹೆಚ್ಚು ಹೆಚ್ಚು ಓದಿ ಎಂದು ಆ ಪುಣ್ಯಾತ್ಮ ಬರೆದೇ ಇದ್ದಾರೆ. ಬರೆದದ್ದು ಪುಸ್ತಕದ ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ಹೋದವರು ಯಾರು?

ಪರೀಕ್ಷೆಗೆ ಬೇಕಲ್ಲ ಎನ್ನುತ್ತೀರಿ. ಯಾವ ಪರೀಕ್ಷೆಗೆ? ಬಿಡಿ ಪದ ಕೊಟ್ಟು ವಿರುದ್ಧಾರ್ಥ ಕೇಳುವ ಚಾಳಿಯನ್ನು ಜಿಆರ್‌ಇ 2011ರಲ್ಲೇ ಕೈಬಿಟ್ಟಿತು. 2016ರಲ್ಲಿ ಎಸ್‌ಎಟಿಯೂ ಅಪರೂಪದ ಪದಗಳ ಕಾಟ ತಪ್ಪಿಸಿ, ವಾಕ್ಯದೊಳಗೆ ಪದ ಏನು ಹೇಳುತ್ತಿದೆ ಎಂದು ಕೇಳತೊಡಗಿತು. ಅಮೆರಿಕದವರು ಅಂಗಡಿ ಮುಚ್ಚಿ ವರ್ಷಗಳಾದವು. ನಮ್ಮ ಕೋಚಿಂಗ್ ಸೆಂಟರುಗಳಲ್ಲಿ ಹಳೇ ಸರಕು ಹೊಸ ರೇಟಿನಲ್ಲಿ ಬಿಕರಿ. ಮೊದಲು ಜಿಆರ್‌ಇಗೆ ಕೂರುವವರು ಕೊಳ್ಳುತ್ತಿದ್ದರು. ಈಗ ಏಳನೇ ಕ್ಲಾಸಿನವರು.

ನಮ್ಮ ಆರಾಧ್ಯ ದೈವ ಶಶಿ ತರೂರ್. 2017ರ ಮೇನಲ್ಲಿ ಒಂದು ಟ್ವೀಟಿನಲ್ಲಿ ‘ಫರಾಗೊ’ ಎಂದರು. ಇಡೀ ದೇಶ ಆಕ್ಸ್‌ಫರ್ಡ್ ನಿಘಂಟಿನ ಬಾಗಿಲು ಬಡಿಯಿತು. ಭಾರತದಿಂದ ಈ ಪದ ಹುಡುಕುವವರು ಏಕಾಏಕಿ ಹೆಚ್ಚಿದ್ದಾರೆ ಎಂದು ನಿಘಂಟಿನವರೇ ಹೇಳಬೇಕಾಯಿತು. ಲ್ಯಾಟಿನ್ನಿನಲ್ಲಿ ಫರಾಗೊ ಎಂದರೆ ದನಕ್ಕೆ ಹಾಕುವ ಕಲಬೆರಕೆ ಮೇವು. ನಾವು ಆ ಮೇವನ್ನು ಒಂದು ವಾರ ಮೆಲುಕು ಹಾಕಿದೆವು. ನಿಘಂಟು ಉರು ಹೊಡೆದು ಬಂದದ್ದಲ್ಲ, ಚಿಕ್ಕಂದಿನಿಂದ ಓದಿ ಬಂದದ್ದು ಎಂದು ತರೂರ್ ಎಷ್ಟೋ ಕಡೆ ಹೇಳಿದ್ದಾರೆ. ಆ ಮಾತು ವೈರಲ್ ಆಗಲಿಲ್ಲ. 2020ರಲ್ಲಿ ಅವರು 53 ಪದಗಳ ಬಗ್ಗೆಯೇ ಒಂದು ಪುಸ್ತಕ ತಂದರು. ಪ್ರಕಾಶಕರಿಗೆ ನಮ್ಮ ನಾಡಿ ಗೊತ್ತು.

ಓದಿದರೆ ಪದ ತಾನಾಗಿ ಬರುತ್ತದೆಯೇ ಎಂದು ಅನುಮಾನವೇ? ಆಂಥೋನಿ ಬರ್ಜೆಸ್ 1962ರಲ್ಲಿ ‘ಎ ಕ್ಲಾಕ್‌ವರ್ಕ್ ಆರೆಂಜ್’ ಬರೆದ. ಅದರ ಪುಂಡ ಹುಡುಗರು ಮಾತಾಡುವುದು ರಷ್ಯನ್ ಪದಗಳನ್ನು ತಿರುಚಿ ಲೇಖಕನೇ ಹೊಸೆದ ಭಾಷೆ. 1978ರಲ್ಲಿ ಕೆಲವು ಸಂಶೋಧಕರು ಆ ಕಾದಂಬರಿಯನ್ನು ಒಂದಷ್ಟು ಜನರ ಕೈಗಿತ್ತು, ಓದಿ ಎಂದರು. ಅರ್ಥದ ಪಟ್ಟಿ ಇಲ್ಲ. ಪದಗಳ ಪರೀಕ್ಷೆ ಇದೆ ಎಂಬ ಸುಳಿವೂ ಇಲ್ಲ. ಓದಿ ಮುಗಿಸಿದ ಮೇಲೆ ಕೇಳಿದರೆ, ಕೇಳಿದ ಪದಗಳಲ್ಲಿ ಸರಾಸರಿ ಮುಕ್ಕಾಲು ಪಾಲಿಗೆ ಅರ್ಥ ಗೊತ್ತು! ಜಗತ್ತಿನಲ್ಲೇ ಇಲ್ಲದ ಭಾಷೆಯ ಪದಗಳು, ಸ್ವಾಮಿ. ಕಥೆ ಮುಂದೇನಾಯಿತು ಎಂಬ ಕುತೂಹಲದ ಬೆನ್ನು ಹತ್ತಿ ಬಂದವು. ಮತ್ತೆ ಮತ್ತೆ ಎದುರಾದವು ಇನ್ನೂ ಗಟ್ಟಿಯಾಗಿ ಕೂತವು. ಫೀಸು ಸೊನ್ನೆ. ಅದೇ ಕಾರಣಕ್ಕೆ ಈ ದಾರಿ ನಮಗೆ ಹಿಡಿಸುವುದಿಲ್ಲ. ಬಿಟ್ಟಿ ಸಿಕ್ಕಿದ್ದರ ಮೇಲೆ ನಮಗೆ ನಂಬಿಕೆಯಿಲ್ಲ.

ಬಿಟ್ಟಿ ಎಂದೆನೆ? ತಪ್ಪಾಯಿತು. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. ಪಕ್ಕದ ಮನೆಯವರೂ ಕಟ್ಟುತ್ತಾರೆ. ನಮ್ಮ ಬಡಾವಣೆಯ ಗ್ರಂಥಾಲಯ ಎಲ್ಲಿದೆ ಎಂದರೆ ಕೈ ಆಡಿಸುತ್ತಾರೆ. ಕಾರು ನಿಲ್ಲಿಸುವುದು ಅದರ ಗೇಟಿನ ಮುಂದೆಯೇ.

ಮೈಸೂರಿನಲ್ಲೊಬ್ಬ ಹುಡುಗನಿದ್ದ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಅದೂ ಇಂಗ್ಲಿಷಿನಲ್ಲಿ. ಈಗಾಗಿದ್ದರೆ ಮರುದಿನವೇ ಕ್ರ್ಯಾಶ್ ಕೋರ್ಸು. ಅವನಪ್ಪ ಹೆಡ್‌ಮಾಸ್ತರು, ಶಾಲೆಯ ಲೈಬ್ರರಿ ಕೈಗೆಟುಕುವಂತಿತ್ತು. ಹುಡುಗ ಒಂದು ವರ್ಷ ಮನೆಯಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದ. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಲಂಡನ್ನಿನಲ್ಲಿ ಅಚ್ಚಾಯಿತು. ಪ್ರಕಾಶಕರನ್ನು ಒಪ್ಪಿಸಿದ್ದು ಗ್ರಹಾಂ ಗ್ರೀನ್. ಆರ್.ಕೆ. ನಾರಾಯಣ್ ಬರೆದ ಇಂಗ್ಲಿಷಿನಲ್ಲಿ ಒಂದಾದರೂ ದೋಸೆ ಬಡಕಲಾಗಿದ್ದರೆ ಹೇಳಿ.

ಆ ಪುಸ್ತಕವನ್ನೇ ಪಕ್ಕದ ಮನೆಗೆ ಕೊಟ್ಟುಬಂದೆ. ಹುಡುಗನ ಕೈಗೆ ಕೊಟ್ಟಿದ್ದು. ಮೂರನೇ ದಿನ ವಾಪಸ್ ತಂದದ್ದು ಅಪ್ಪ.

“ತಪ್ಪು ತಿಳ್ಕೋಬೇಡಿ ಸಾರ್. ಇದರಲ್ಲಿ ಕಷ್ಟದ ಪದಾನೇ ಇಲ್ಲ. ನಾನೇ ಕೂತು ಚೆಕ್ ಮಾಡ್ದೆ. ಹನ್ನೊಂದು ಪುಟಕ್ಕೆ ಎರಡೇ ಸಿಕ್ಕಿದ್ದು.”

“ಹುಡುಗ ಓದಿದ್ನಾ?”

“ಓದ್ತಾ ನಗ್ತಿದ್ದ ಸಾರ್. ಅದಕ್ಕೇ ಅನುಮಾನ ಬಂತು.”

ಪುಸ್ತಕ ತೆರೆದೆ. ಎರಡು ಪದಗಳ ಕೆಳಗೆ ಕೆಂಪು ಗೆರೆ. ಎಪ್ಪತ್ತರ ಆಸುಪಾಸಿನ ಯಾವುದೋ ಪುಟದಲ್ಲಿ ಗುರುತಿಗೆಂದು ಮಡಚಿಟ್ಟ ಕಾಗದ. ಬಿಡಿಸಿದೆ. ಅವತ್ತಿನ ಹತ್ತು ಪದಗಳ ಪಟ್ಟಿ. ಹುಡುಗ ಅದನ್ನು ಬಳಸಿದ್ದು ಅಷ್ಟಕ್ಕೇ.